ಹೊಲಿಗೆಯಿಲ್ಲದ ಉಡುಪು: ಜೀವಗೌರವದ ಅಖಂಡನೀತಿ

ಜೀವವು ಪೂಜ್ಯವೆಂದು ನುಡಿಯುವುದು ಸುಲಭ. ಆ ನುಡಿಯನ್ನು ಬಾಳಿನ ಎಲ್ಲ ಎಡೆಗಳಲ್ಲಿಯೂ ನಡೆಸುವುದು ಕಠಿಣ. ಒಂದೆಡೆ ಜೀವದ ಪಕ್ಷವನ್ನು ವಹಿಸಿ, ಮತ್ತೊಂದೆಡೆ ಅದೇ ಜೀವದ ವಿಷಯದಲ್ಲಿ ಉದಾಸೀನನಾಗುವವನ ಮಾತಿಗೆ ಬೆಲೆಯೆಷ್ಟು? ಈ ಪ್ರಶ್ನೆಯನ್ನು ಅಮೇರಿಕೆಯ ಸಾರ್ವಜನಿಕ ಜೀವನದಲ್ಲಿ ಗಂಭೀರವಾಗಿ ಎತ್ತಿದವರಲ್ಲಿ ಶಿಕಾಗೋ ನಗರದ ಕ್ರೈಸ್ತ ಧರ್ಮಗುರು ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ನರು ಪ್ರಮುಖರು. ನಡೆ-ನುಡಿಗಳ ಐಕ್ಯವನ್ನು ಧರ್ಮದ ಒರೆಗಲ್ಲೆಂದು ಬಗೆಯುವವರಿಗೆ ಅವರ ವಿಚಾರಸರಣಿಯು ಅಧ್ಯಯನಯೋಗ್ಯವಾಗಿದೆ.

1973ನೆಯ ಇಸವಿಯ ಜನವರಿ 22ರಂದು ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು ಗರ್ಭಪಾತದ ನಿರ್ಧಾರವು ಸ್ತ್ರೀಗೆ ಸಂವಿಧಾನವಿತ್ತ ಹಕ್ಕೆಂದು ತೀರ್ಪಿತ್ತಿತು. ಅಂದಿನಿಂದ ಕ್ರಮೇಣ ಆ ದೇಶದ ರಾಜಕಾರಣದಲ್ಲಿ ಎರಡು ಪಾಳೆಯಗಳು ನಿಂತವು. ಗರ್ಭಸ್ಥ ಶಿಶುವಿನ ರಕ್ಷಣೆಗೆ ಕಂಕಣಬದ್ಧರಾದವರಲ್ಲಿ ಅನೇಕರು ಮರಣದಂಡನೆಯನ್ನು ಸಮರ್ಥಿಸಿದರು. ಬಡವರಿಗೆ ಸರಕಾರವು ನೀಡುವ ನೆರವು ಮಿತವಾಗಿರಬೇಕೆಂದರು. ಬಡವರಿಗಾಗಿಯೂ ಸೆರೆಯಾಳುಗಳಿಗಾಗಿಯೂ ಮರುಗಿದವರಲ್ಲಿ ಅನೇಕರು ಗರ್ಭದ ಪ್ರಶ್ನೆಯು ಸ್ತ್ರೀಯೊಬ್ಬಳ ಅಂತಃಸಾಕ್ಷಿಗೆ ಬಿಟ್ಟುದೆಂದರು. ಹೀಗೆ ಕರುಣೆಯೇ ಇಬ್ಭಾಗವಾಗಿ ಹೋಯಿತು.

ಬರ್ನಾರ್ಡಿನ್ನರು 1928ರಲ್ಲಿ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಪಟ್ಟಣದಲ್ಲಿ, ಇಟಲಿಯಿಂದ ವಲಸೆ ಬಂದ ಬಡ ಕುಟುಂಬದಲ್ಲಿ ಹುಟ್ಟಿದರು. ತಂದೆ ಕಲ್ಲುಕುಟಿಗ, ಬಾಲಕನಿಗೆ ಆರು ವರುಷವಾಗಿದ್ದಾಗ ಅರ್ಬುದ ರೋಗದಿಂದ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದರು. 1982ರಲ್ಲಿ ಶಿಕಾಗೋದ ಆರ್ಚ್‌ಬಿಷಪ್ ಆದ ಅವರು, ಅಣ್ವಸ್ತ್ರಗಳ ಪೈಪೋಟಿಯನ್ನು ವಿಮರ್ಶಿಸಿ ಅಮೇರಿಕೆಯ ಬಿಷಪ್ಪರು 1983ರ ಮೇ ತಿಂಗಳಲ್ಲಿ ಹೊರಡಿಸಿದ ಶಾಂತಿಪತ್ರವನ್ನು ರಚಿಸಿದ ಸಮಿತಿಯ ಅಧ್ಯಕ್ಷರಾಗಿದ್ದರು. ತರುವಾಯ ಗರ್ಭಸ್ಥ ಜೀವದ ರಕ್ಷಣೆಗಾಗಿ ದುಡಿಯುವ ಸಮಿತಿಯ ಹೊಣೆಯೂ ಅವರಿಗೇ ಬಂದಿತು. ಕೋಟಿ ಜನರನ್ನು ಒಮ್ಮೆಗೇ ಸುಡಬಲ್ಲ ಬಾಂಬು ಒಂದೆಡೆ, ಇನ್ನೂ ಹುಟ್ಟದ ಒಂದು ಕೂಸು ಇನ್ನೊಂದೆಡೆ. ಈ ಎರಡು ಚಿಂತೆಗಳನ್ನು ಒಬ್ಬನೇ ಹೊತ್ತಾಗ, ಇವುಗಳ ಬೇರು ಒಂದೇ ಅಲ್ಲವೇ ಎಂಬ ವಿಚಾರವು ಹುಟ್ಟುವುದು ಸಹಜವಾಗಿತ್ತು.

1983ರ ಡಿಸೆಂಬರ್ 6ರಂದು ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಈ ವಿಚಾರವನ್ನು ವಿಸ್ತರಿಸಿದರು. ಗರ್ಭಪಾತ, ಯುದ್ಧ, ಮರಣದಂಡನೆ, ರೋಗಿಯ ಕೊನೆಗಾಲದ ಆರೈಕೆ ಇವೆಲ್ಲವೂ ಬೇರೆ ಬೇರೆ ಪ್ರಶ್ನೆಗಳಾದರೂ, ನಿರ್ದೋಷಿಯ ಪ್ರಾಣವನ್ನು ನೇರವಾಗಿ ತೆಗೆಯಲಾಗದೆಂಬ ತತ್ತ್ವವನ್ನೂ ಪ್ರಾಣಹರಣಕ್ಕೆ ವಿರುದ್ಧವಾದ ಮನೋಭಾವವನ್ನೂ ಸಮಾಜವು ಕಾಪಾಡಿಕೊಂಡಾಗ ಮಾತ್ರ ಇವಕ್ಕೆ ಸರಿಯಾದ ಉತ್ತರ ದೊರೆಯುವುದೆಂದು ಅವರು ಪ್ರತಿಪಾದಿಸಿದರು. ಹುಟ್ಟುವ ಹಕ್ಕನ್ನು ಎತ್ತಿಹಿಡಿದವನು ಹುಟ್ಟಿದ ಬಳಿಕದ ಬಾಳನ್ನೂ ಎತ್ತಿಹಿಡಿಯಬೇಕು. ಹಸಿದ ಮಗು, ವೃದ್ಧರು, ಮನೆಯಿಲ್ಲದವರು, ಕೆಲಸ ಕಳೆದುಕೊಂಡವರು, ಪರವಾನಗಿಯಿಲ್ಲದೆ ಬಂದ ವಲಸೆಗಾರರು ಇವರೆಲ್ಲರೂ ಅದೇ ಕಾಳಜಿಯ ಪರಿಧಿಯಲ್ಲಿ ಬರುತ್ತಾರೆ. ಕಂದಾಯದ ನೀತಿ, ಉದ್ಯೋಗ, ಆಹಾರ, ವೈದ್ಯೋಪಚಾರ ಇವೂ ಜೀವದ ಪ್ರಶ್ನೆಗಳೇ.

ಈ ನೀತಿಗೆ 'ಹೊಲಿಗೆಯಿಲ್ಲದ ಉಡುಪು' ಎಂಬ ಹೆಸರು ರೂಢಿಯಾಯಿತು. ಬರ್ನಾರ್ಡಿನ್ನರಿಗಿಂತ ಮೊದಲೇ ಶಾಂತಿಕಾರ್ಯಕರ್ತೆ ಐಲೀನ್ ಈಗನ್ನರು ಈ ರೂಪಕವನ್ನು ಬಳಸಿದ್ದರು. ಯೇಸುವಿನ ಮೇಲಂಗಿಯು ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆಯಾಗಿದ್ದುದರಿಂದ ಸೈನಿಕರು ಅದನ್ನು ಹರಿಯದೆ ಚೀಟಿ ಹಾಕಿದರೆಂದು ಯೋಹಾನನ ಸುವಾರ್ತೆಯು ಹೇಳುತ್ತದೆ. ಅಂತಹ ವಸ್ತ್ರವನ್ನು ಒಂದೆಡೆ ಹರಿದರೆ ಇಡಿಯ ವಸ್ತ್ರವೇ ಕೆಡುವುದು.

ಈ ನೀತಿಗೆ ಆಕ್ಷೇಪಗಳು ಬಾರದಿರಲಿಲ್ಲ. ಎಲ್ಲ ಪ್ರಶ್ನೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅತಿ ಘೋರವಾದುದು ಮರೆಯಾಗುವುದೆಂದೂ, ರಾಜಕಾರಣಿಗಳು ಇದರ ಹಿಂದೆ ಅವಿತುಕೊಳ್ಳುವರೆಂದೂ ಗರ್ಭಪಾತದ ವಿರೋಧಿಗಳಲ್ಲಿ ಕೆಲವರು ಹೇಳಿದರು. ಪ್ರಶ್ನೆಗಳು ಪರಸ್ಪರ ಸಂಬದ್ಧವೇ ಹೊರತು ಸಮಾನವಲ್ಲ ಎಂಬುದು ಬರ್ನಾರ್ಡಿನ್ನರ ಉತ್ತರ. ಎಲ್ಲರೂ ಎಲ್ಲವನ್ನೂ ಮಾಡಬೇಕೆಂದು ಅವರು ಹೇಳಲಿಲ್ಲ; ಒಂದು ಕಾರ್ಯದಲ್ಲಿ ತೊಡಗಿದವನು ಮತ್ತೊಂದಕ್ಕೆ ಅಡ್ಡಿಯಾಗಬಾರದೆಂಬುದೇ ಅವರ ಅಭಿಪ್ರಾಯ. ಎದುರು ಪಕ್ಷದ ಆಕ್ಷೇಪವು ಇನ್ನೂ ಆಳವಾದುದು: ಹೆರುವವಳು ಸ್ತ್ರೀ, ಅವಳ ದೇಹದ ಮೇಲೆ ರಾಜ್ಯದ ಬಲವಂತವು ನ್ಯಾಯವೇ? ಅಖಂಡನೀತಿಯು ಈ ವಿವಾದವನ್ನು ಬಗೆಹರಿಸಿತೆಂದು ಹೇಳಲಾಗದು. ಆದರೆ ತಾಯಿಯ ಅನ್ನ, ಉದ್ಯೋಗ, ಔಷಧಗಳ ಹೊಣೆಯನ್ನು ಹೊರದೆ ಅವಳಿಗೆ ಕರ್ತವ್ಯವನ್ನು ಬೋಧಿಸುವವನ ಬಾಯನ್ನು ಅದು ಕಟ್ಟುತ್ತದೆ.

ಈ ತತ್ತ್ವವು ಕಾರ್ಯರೂಪಕ್ಕೆ ಬಂದ ನಿದರ್ಶನಗಳುಂಟು. ಗರ್ಭಪಾತವನ್ನು ವಿರೋಧಿಸುತ್ತಿದ್ದ ಪೆನ್ಸಿಲ್ವೇನಿಯಾದ ಡೆಮೊಕ್ರಾಟಿಕ್ ರಾಜ್ಯಪಾಲ ರಾಬರ್ಟ್ ಕೇಸಿಯವರು 1992ರಲ್ಲಿ ವಿಮೆಯಿಲ್ಲದ ಕುಟುಂಬಗಳ ಮಕ್ಕಳಿಗಾಗಿ ಆರೋಗ್ಯವಿಮೆಯ ಕಾಯಿದೆಗೆ ಅಂಕಿತ ಹಾಕಿದರು. 1997ರಲ್ಲಿ ಬಂದ ರಾಷ್ಟ್ರೀಯ ಯೋಜನೆಗೆ ಅದು ಮಾದರಿಗಳಲ್ಲೊಂದಾಯಿತು. 1999ರ ಜನವರಿಯಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಸೇಂಟ್ ಲೂಯಿ ನಗರಕ್ಕೆ ಬಂದಾಗ, ಮರಣದಂಡನೆಗೆ ಗುರಿಯಾಗಿದ್ದ ಕೊಲೆಗಾರನೊಬ್ಬನ ಪ್ರಾಣವನ್ನು ಉಳಿಸಬೇಕೆಂದು ಮಿಸ್ಸೂರಿಯ ರಾಜ್ಯಪಾಲರನ್ನು ಕೇಳಿಕೊಂಡರು. ರಾಜ್ಯಪಾಲರು ಮರಣದಂಡನೆಯ ಪಕ್ಷದವರಾಗಿದ್ದರೂ ಅವನ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸರು ಮರಣದಂಡನೆಯು ಅಸ್ವೀಕಾರ್ಯವೆಂದು ಧರ್ಮೋಪದೇಶದ ಗ್ರಂಥದಲ್ಲಿಯೇ ಬರೆಯಿಸಿದರು.

2022ರ ಜೂನ್ 24ರಂದು ಸರ್ವೋಚ್ಚ ನ್ಯಾಯಾಲಯವು 1973ರ ತೀರ್ಪನ್ನು ರದ್ದುಗೊಳಿಸಿ, ಪ್ರಶ್ನೆಯನ್ನು ಶಾಸನಸಭೆಗಳಿಗೆ ಒಪ್ಪಿಸಿತು. ಹಲವು ರಾಜ್ಯಗಳು ಗರ್ಭಪಾತವನ್ನು ನಿಷೇಧಿಸಿದವು. ಆಗಲೇ ನಿಜವಾದ ಪರೀಕ್ಷೆ ಮೊದಲಾಯಿತು. 1993ರ ಕುಟುಂಬ ರಜೆಯ ಕಾಯಿದೆಯು ಬಾಣಂತಿಗೆ ಕೊಡಿಸುವುದು ಹನ್ನೆರಡು ವಾರಗಳ ಸಂಬಳವಿಲ್ಲದ ರಜೆಯನ್ನು ಮಾತ್ರ. ಖಾಸಗಿ ಸಂಸ್ಥೆಗಳಲ್ಲಿ ಅದೂ ಐವತ್ತಕ್ಕೆ ಕಡಿಮೆಯಿಲ್ಲದ ನೌಕರರುಳ್ಳ ಎಡೆಗಳಿಗೆ ಸೀಮಿತ. 2022ರ ಡಿಸೆಂಬರಿನಲ್ಲಿ ಗರ್ಭಿಣಿ ಕೆಲಸಗಾರ್ತಿಯರಿಗೆ ಕುಳಿತುಕೊಳ್ಳಲು ಆಸನ, ಕುಡಿಯಲು ನೀರು, ನಡುವೆ ವಿರಾಮ ಮುಂತಾದ ಸೌಲಭ್ಯಗಳನ್ನು ವಿಧಿಸುವ ಕಾಯಿದೆಯೊಂದು ಬಂದಿತು. ಬಿಷಪ್ಪರ ಪರಿಷತ್ತು ಅದನ್ನು ಬೆಂಬಲಿಸಿತು. ಗರ್ಭಪಾತದ ಹಕ್ಕಿಗಾಗಿ ಹೋರಾಡುವ ಸಂಸ್ಥೆಗಳೂ ಬೆಂಬಲಿಸಿದವು. 2024ರಲ್ಲಿ ಅದರ ನಿಯಮಾವಳಿಯು ಗರ್ಭಪಾತವನ್ನೂ ಒಳಗೊಂಡಾಗ ಉಭಯ ಪಕ್ಷಗಳು ಮತ್ತೆ ಅಗಲಿದವು. ಆದರೂ, ನಿಂತು ನಿಂತು ಬಳಲುವ ಗರ್ಭಿಣಿಗೆ ಕುರ್ಚಿಯೊಂದನ್ನು ದೊರಕಿಸುವಷ್ಟರ ಮಟ್ಟಿಗೆ ವಿರೋಧಿಗಳೂ ಕೂಡಬಲ್ಲರೆಂಬುದು ಸಿದ್ಧವಾಯಿತು.

ಬರ್ನಾರ್ಡಿನ್ನರಿಗೆ ಈ ನೀತಿಯು ಬರಿಯ ಉಪನ್ಯಾಸವಾಗಿ ಉಳಿಯಲಿಲ್ಲ. 1995ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಅರ್ಬುದವು ಕಾಣಿಸಿಕೊಂಡಿತು. ರೋಗಿಯು ವೈದ್ಯರ ನೆರವಿನಿಂದ ಪ್ರಾಣ ಬಿಡುವ ಹಕ್ಕಿನ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದಾಗ, ತಾವೇ ಸಾಯುತ್ತಿದ್ದ ಅವರು ಅದನ್ನು ಮಾನ್ಯ ಮಾಡಬಾರದೆಂದು ನ್ಯಾಯಾಧೀಶರಿಗೆ ಪತ್ರ ಬರೆದರು. ಅದಾದ ಕೆಲವೇ ದಿನಗಳಲ್ಲಿ, 1996ರ ನವೆಂಬರ್ 14ರಂದು, ಅವರು ದೇಹವನ್ನು ಬಿಟ್ಟರು.

ಅವರ ಎಲ್ಲ ನಿರ್ಣಯಗಳನ್ನೂ ಒಪ್ಪದವರಿಗೂ ಇಲ್ಲಿ ಒಂದು ಪಾಠವುಂಟು. ಪ್ರತಿಯೊಬ್ಬನಿಗೂ ತನಗೆ ಸುಲಭವಾದ ಕರುಣೆಯೊಂದು ಇರುತ್ತದೆ. ತನ್ನ ಪಕ್ಷ, ತನ್ನ ಜನ, ತನ್ನ ಅಭ್ಯಾಸ ಮೊದಲೇ ಒಪ್ಪಿದ ಕರುಣೆ ಅದು. ತನಗೆ ಬೇಡವಾದವನ ಪ್ರಾಣವು ತನ್ನ ಮುಂದೆ ಬಂದು ನಿಂತಾಗ ಏನು ಮಾಡುವೆನೆಂದು ಸಾಧಕನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅದಕ್ಕೆ ದೊರೆಯುವ ಉತ್ತರದಲ್ಲಿಯೇ ಅವನ ಜೀವಗೌರವದ ನಿಜವಾದ ಅಳತೆ ಇದೆ.