ಮದುವೆಯ ಮುಂಗಡವೂ ಗ್ರಾಹಕನ ಹಕ್ಕೂ

ತೆಂಗಿನ ಫಸಲಿನ ಹಣವೋ ಆಲೂಗೆಡ್ಡೆಯ ಹಣವೋ ಕೈಸೇರಿದೊಡನೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯ ಗೃಹಸ್ಥನು ಮೊದಲು ಚಿಂತಿಸುವುದು ಮಕ್ಕಳ ವಿವಾಹವನ್ನು. ವರ್ಷಗಟ್ಟಲೆ ಕೂಡಿಟ್ಟ ದ್ರವ್ಯವು ಒಂದೆರಡು ದಿನಗಳ ಸಮಾರಂಭದಲ್ಲಿ ವ್ಯಯವಾಗುವ ಇಂಥ ಸಂದರ್ಭ ನಮ್ಮ ಸಂಸಾರಗಳಲ್ಲಿ ಮತ್ತೊಂದಿಲ್ಲ. ಹಿಂದೆ ಚಪ್ಪರಕ್ಕೆ ಗಳು ಕೊಡುತ್ತಿದ್ದವರು ನೆರೆಯವರು, ಅಡುಗೆಗೆ ನಿಲ್ಲುತ್ತಿದ್ದವರು ಬಂಧುಗಳು, ಓಲಗದವರೂ ಊರಿನವರೇ. ಆದುದರಿಂದ ಮಾತಿಗೆ ತಪ್ಪಿದವನನ್ನು ತಿದ್ದಲು ಊರಿನ ನಿಂದೆಯೊಂದೇ ಸಾಕಾಗುತ್ತಿತ್ತು. ಈಗ ಕಲ್ಯಾಣಮಂಟಪ ಒಬ್ಬರದು, ಊಟದ ಕಂಟ್ರಾಕ್ಟು ಇನ್ನೊಬ್ಬರದು, ವೇದಿಕೆಯ ಅಲಂಕಾರ ಹಾಸನದಿಂದಲೋ ಬೆಂಗಳೂರಿನಿಂದಲೋ ಬರುವ ಮತ್ತೊಬ್ಬರದು. ಎಲ್ಲವನ್ನೂ ಒಟ್ಟಾಗಿ ವಹಿಸಿಕೊಳ್ಳುವ ‘ಇವೆಂಟ್’ ಸಂಸ್ಥೆಗಳೂ ಉಂಟು. ಪರಿಚಯವಿಲ್ಲದವರ ಕೈಗೆ ಸಾವಿರಾರು, ಲಕ್ಷಾಂತರ ರೂಪಾಯಿಗಳನ್ನು ಮುಂಗಡವಾಗಿ ಕೊಡಬೇಕಾದ ಈ ಕಾಲದಲ್ಲಿ, ಹಿಂದೆ ನೆರೆಹೊರೆಯ ದಾಕ್ಷಿಣ್ಯವು ಮಾಡುತ್ತಿದ್ದ ಕೆಲಸವನ್ನು ಲಿಖಿತ ಒಪ್ಪಂದವೂ ಗ್ರಾಹಕ ಕಾನೂನೂ ಮಾಡಬೇಕಾಗಿದೆ. ಆ ಕೆಲಸವು ಆರಂಭವಾಗತಕ್ಕದ್ದು ವ್ಯಾಜ್ಯ ಹುಟ್ಟಿದ ದಿನವಲ್ಲ, ಮುಂಗಡ ಕೊಡುವ ದಿನ.

ಗ್ರಾಹಕರು ಯಾರು?

2020ರ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಪ್ರತಿಫಲ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ಸೇವೆಯನ್ನು ಪಡೆಯುವವನು ಗ್ರಾಹಕನು. ಹಣದ ಒಂದು ಭಾಗವನ್ನಷ್ಟೇ ಕೊಟ್ಟಿದ್ದರೂ ಆ ಸ್ಥಾನಕ್ಕೆ ಊನವಿಲ್ಲ. ಹಣ ಕೊಟ್ಟವನ ಸಮ್ಮತಿಯಿಂದ ಸೇವೆಯ ಪ್ರಯೋಜನವನ್ನು ಪಡೆಯುವವರೂ ಗ್ರಾಹಕರೇ ಆದುದರಿಂದ, ತಂದೆಯು ಛಾಯಾಗ್ರಾಹಕನಿಗೆ ಹಣ ಕೊಟ್ಟಿದ್ದರೆ ಮಗಳೂ ದೂರು ಸಲ್ಲಿಸಬಹುದು. ಒಪ್ಪಿಕೊಂಡ ಸೇವೆಯ ಗುಣದಲ್ಲಾಗಲಿ, ರೀತಿಯಲ್ಲಾಗಲಿ ಉಂಟಾಗುವ ಕೊರತೆಯನ್ನು ಕಾನೂನು ‘ಸೇವಾ ನ್ಯೂನತೆ’ ಎನ್ನುತ್ತದೆ. ಬಿಲ್ಲನ್ನಾಗಲಿ ರಶೀದಿಯನ್ನಾಗಲಿ ಕೊಡದಿರುವುದನ್ನು ಅದೇ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ರಶೀದಿ ಕೇಳುವುದು ಅವಿಶ್ವಾಸದ ಲಕ್ಷಣವಲ್ಲ, ಶಾಸನವು ಕೊಟ್ಟಿರುವ ಅಧಿಕಾರ.

ಆರಿಸುವ ಮೊದಲು

ಮೊಬೈಲಿನಲ್ಲಿ ಕಾಣುವ ಅಲಂಕಾರದ ಚಿತ್ರಗಳಿಗೆ ಮರುಳಾಗದೆ, ಅದೇ ವ್ಯಕ್ತಿಯು ನಡೆಸಿಕೊಡುತ್ತಿರುವ ಬೇರೊಂದು ಮದುವೆಯನ್ನು ಕಣ್ಣಾರೆ ಕಂಡು ಬರುವುದು ಉತ್ತಮ. ಇಬ್ಬರು ಮೂವರಿಂದ ಒಂದೇ ಪಟ್ಟಿಗೆ ದರ ಬರೆಸಿಕೊಂಡರೆ ಮಾತ್ರ ಹೋಲಿಕೆಗೆ ಅರ್ಥವುಂಟು. ಎಲೆಯೊಂದಕ್ಕೆ ಇಷ್ಟು ಎಂಬ ದರದಲ್ಲಿ ಬಡಿಸುವವರ ಕೂಲಿ, ಪಾತ್ರೆಯ ಬಾಡಿಗೆ, ಅನಿಲ, ಸಾಗಣೆ ಇವು ಸೇರಿವೆಯೆ ಎಂಬುದು ಆಗಲೇ ಸ್ಪಷ್ಟವಾಗಬೇಕು. ಕಲ್ಯಾಣಮಂಟಪವನ್ನು ನೋಡಲು ಹೋದಾಗ ಜನರೇಟರು, ನೀರು, ಶೌಚಾಲಯ, ವಾಹನ ನಿಲುಗಡೆ, ಬೆಂಕಿಬಿದ್ದರೆ ಹೊರಬರುವ ದಾರಿ ಇವನ್ನು ಪರೀಕ್ಷಿಸಿ, ಬುಕಿಂಗ್ ಮಾಡಿಕೊಳ್ಳುವವರು ಮಾಲೀಕರೋ ಮಧ್ಯವರ್ತಿಗಳೋ ಎಂಬುದನ್ನು ತಿಳಿಯತಕ್ಕದ್ದು.

ಊಟದ ಕಂಟ್ರಾಕ್ಟುದಾರರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದಂತೆ ನೋಂದಣಿಯನ್ನೋ ಪರವಾನಗಿಯನ್ನೋ ಪಡೆದಿರಬೇಕು; ಅದರ 14 ಅಂಕಿಗಳ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಲೇಸು. ಜಿಎಸ್‌ಟಿ ವಸೂಲು ಮಾಡುವವರ ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ನೋಂದಣಿಯಿಲ್ಲದವರಿಗೆ ಆ ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವ ಅಧಿಕಾರವಿಲ್ಲ.

ಒಪ್ಪಂದದಲ್ಲಿ ಇರತಕ್ಕವು

1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಬಾಯಿಮಾತಿನ ಕರಾರೂ ಸಿಂಧುವೇ. ಆದರೆ ಆಡಿದ ಮಾತನ್ನು ರುಜುವಾತು ಮಾಡುವುದು ದುಸ್ತರವಾದುದರಿಂದ, ಉಭಯರೂ ಸಹಿ ಮಾಡಿದ ಒಂದೆರಡು ಪುಟದ ಬರಹವು ಅತ್ಯಗತ್ಯ. ಉಭಯರ ಹೆಸರು ವಿಳಾಸಗಳು, ಮುಹೂರ್ತದ ದಿನಾಂಕ, ಮಂಟಪದ ಬೀಗದ ಕೈ ದೊರೆಯುವ ಮತ್ತು ಹಿಂದಿರುಗಿಸುವ ವೇಳೆ, ವರಪೂಜೆ, ಧಾರೆ, ಆರತಕ್ಷತೆಗಳಲ್ಲಿ ಯಾವ ಯಾವ ಊಟ, ಎಷ್ಟು ಎಲೆ, ಕನಿಷ್ಠ ಸಂಖ್ಯೆಗಿಂತ ಹೆಚ್ಚಿದರೆ ದರವೇನು, ಬರತಕ್ಕ ಛಾಯಾಗ್ರಾಹಕರು ಎಷ್ಟು ಮಂದಿ, ಆಲ್ಬಮ್ಮು ಎಂದಿಗೆ ಕೈಸೇರುವುದು, ವಿದ್ಯುತ್ತು, ಶುಚಿತ್ವಗಳ ಖರ್ಚು ಬಾಡಿಗೆಯಲ್ಲಿ ಸೇರಿದೆಯೆ, ಮುಂಗಡ ಎಷ್ಟು, ಬಾಕಿ ಯಾವ ಕಂತಿನಲ್ಲಿ, ಯಾರು ರದ್ದುಮಾಡಿದರೆ ಎಷ್ಟು ಹಣ ಹಿಂದಿರುಗತಕ್ಕದ್ದು — ಇವಿಷ್ಟು ಆ ಪತ್ರದಲ್ಲಿರಲಿ. ಇಡೀ ಮದುವೆಯನ್ನು ಒಂದೇ ಸಂಸ್ಥೆಗೆ ವಹಿಸಿದಲ್ಲಿ, ಅದು ಕರೆತರುವ ಹೂವಿನವರು, ದೀಪದವರು, ಅಡುಗೆಯವರು ಇವರೆಲ್ಲರ ಲೋಪಕ್ಕೂ ತಾನೇ ಹೊಣೆಯೆಂದು ಒಂದು ವಾಕ್ಯವನ್ನು ಬರೆಸುವುದನ್ನು ಮರೆಯಬಾರದು; ಇಲ್ಲವಾದರೆ ವಿವಾದ ಹುಟ್ಟಿದಾಗ ಪ್ರತಿಯೊಬ್ಬರೂ ಮತ್ತೊಬ್ಬರತ್ತ ಬೆರಳು ತೋರುವರು.

ಹಣವನ್ನು ಬ್ಯಾಂಕಿನ ಮೂಲಕವೋ ಯುಪಿಐ ಮೂಲಕವೋ ಕೊಟ್ಟರೆ ಅದೇ ಸಾಕ್ಷ್ಯವಾಗುವುದು. ಒಂದೇ ಸಮಾರಂಭದ ಸಂಬಂಧವಾಗಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ವಾಟ್ಸಾಪಿನಲ್ಲಿ ನಡೆದ ಮಾತುಕತೆಯನ್ನು ಅಳಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಗಳನ್ನು, ನಿಯಮಿತ ಪ್ರಮಾಣಪತ್ರದೊಡನೆ ಸಲ್ಲಿಸಿದಲ್ಲಿ, ಸಾಕ್ಷ್ಯವಾಗಿ ಅಂಗೀಕರಿಸುತ್ತದೆ.

ಮುಂಗಡ ಮುಳುಗಿತೆ?

ಕುಟುಂಬದಲ್ಲಿ ಮರಣ ಸಂಭವಿಸಿಯೋ ಸಂಬಂಧ ಮುರಿದೋ ಮದುವೆ ನಿಂತಾಗ, ಮುಂಗಡವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗದೆಂದು ರಶೀದಿಯ ಕೆಳಗೆ ಅಚ್ಚಾಗಿರುವ ಸಾಲನ್ನು ತೋರಿಸಿ ಬಾಯಿ ಮುಚ್ಚಿಸುವುದುಂಟು. ಆ ಸಾಲೇ ಅಂತಿಮವಲ್ಲ. ಕರಾರು ಅಧಿನಿಯಮದ 74ನೆಯ ಕಲಮಿನಂತೆ, ಕರಾರಿನಲ್ಲಿ ದಂಡದ ಮೊತ್ತವನ್ನು ನಮೂದಿಸಿದ್ದರೂ ನೊಂದವನಿಗೆ ದೊರೆಯುವುದು ಆ ಮೊತ್ತವನ್ನು ಮೀರದ, ಯುಕ್ತವಾದ ಪರಿಹಾರ ಮಾತ್ರ. ನಷ್ಟವೇ ಆಗದಿದ್ದಲ್ಲಿ ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ನ್ಯಾಯವಲ್ಲವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ನೀವು ಬಿಟ್ಟುಕೊಟ್ಟ ದಿನವನ್ನು ಮಂಟಪದವರು ಬೇರೆ ಮದುವೆಗೆ ಕೊಟ್ಟು ಪೂರ್ಣ ಬಾಡಿಗೆ ಪಡೆದಿದ್ದರೆ ಅವರಿಗಾದ ನಷ್ಟ ಅತ್ಯಲ್ಪ. ವೈಶಾಖದ ಮುಹೂರ್ತವೊಂದನ್ನು ಹಿಂದಿನ ದಿನ ರದ್ದುಮಾಡಿದರೆ ಅವರ ನಷ್ಟ ನಿಜವಾದುದೆಂಬುದನ್ನು ನಾವೂ ಒಪ್ಪಬೇಕು. ಆದುದರಿಂದ ರದ್ದತಿಯ ವಿಚಾರವನ್ನು ಆದಷ್ಟು ಬೇಗನೆ ಲಿಖಿತವಾಗಿ ತಿಳಿಸುವುದು ನಮ್ಮ ಕರ್ತವ್ಯವೂ ಹೌದು, ಹಿತವೂ ಹೌದು. ಸರ್ಕಾರದ ನಿರ್ಬಂಧದಂತಹ ಕಾರಣದಿಂದ ಸಮಾರಂಭ ನಡೆಸುವುದೇ ಅಸಾಧ್ಯವಾಗಿ ಕರಾರು 56ನೆಯ ಕಲಮಿನಂತೆ ಶೂನ್ಯವಾದರೆ, ಪಡೆದ ಲಾಭವನ್ನು ಹಿಂದಿರುಗಿಸತಕ್ಕದ್ದೆಂದು 65ನೆಯ ಕಲಮು ವಿಧಿಸುತ್ತದೆ.

ಈ ವಿಷಯದಲ್ಲಿ ಚೀನದ ವ್ಯವಸ್ಥೆಯು ವಿಚಾರಾರ್ಹವಾಗಿದೆ. ಅಲ್ಲಿನ ನಗರಗಳಲ್ಲಿ ವಿವಾಹದ ಸಕಲ ಏರ್ಪಾಟನ್ನೂ ಸಂಸ್ಥೆಗಳಿಗೆ ವಹಿಸುವುದು ಸರ್ವಸಾಮಾನ್ಯ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಸಂಹಿತೆಯ ಪ್ರಕಾರ, ಖಾತರಿಯ ಠೇವಣಿಯೆಂದು ಕೊಡುವ ಹಣವು ಕರಾರಿನ ಮೊತ್ತದ ಶೇ. 20ನ್ನು ಮೀರುವಂತಿಲ್ಲ, ಕೊಟ್ಟವನು ತಪ್ಪಿದರೆ ಅದನ್ನು ಕಳೆದುಕೊಳ್ಳುತ್ತಾನೆ, ಪಡೆದವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸುತ್ತಾನೆ. ನಮ್ಮಲ್ಲಿ ಅಂಥ ಶಾಸನವಿಲ್ಲ. ಆದರೆ ಮುಂಗಡವನ್ನು ಐದರಲ್ಲೊಂದು ಪಾಲಿಗೆ ಮಿತಗೊಳಿಸಿ, ಸೇವೆ ಕೊಡುವವರೇ ತಪ್ಪಿದಲ್ಲಿ ಮುಂಗಡದ ಜೊತೆಗೆ ಇಂತಿಷ್ಟು ಪರಿಹಾರವೆಂದು ಉಭಯರೂ ಒಪ್ಪಿ ಬರೆದುಕೊಳ್ಳಲು ಅಡ್ಡಿಯೇನೂ ಇಲ್ಲ. ಆ ಪರಿಹಾರವು 74ನೆಯ ಕಲಮಿನ ಮಿತಿಗೆ ಒಳಪಟ್ಟಿರುತ್ತದೆ, ಅಷ್ಟೆ.

ಕೆಲವು ವಿಶೇಷ ಸಂಗತಿಗಳು

ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕುಸ್ವಾಮ್ಯವು, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನಂತೆ ತೆಗೆಸಿದವರಿಗೇ ಸೇರತಕ್ಕದ್ದು. ಆದುದರಿಂದ ವಧುವಿನ ಚಿತ್ರವನ್ನು ಛಾಯಾಗ್ರಾಹಕನು ತನ್ನ ಜಾಹೀರಾತಿಗೆ ಬಳಸಬೇಕಾದರೆ ಅನುಮತಿ ಪಡೆಯಬೇಕು. ಅದೇ ಅಧಿನಿಯಮದ 52ನೆಯ ಕಲಮು ವಿವಾಹದ ಮೆರವಣಿಗೆಯಲ್ಲಿಯೂ ತತ್ಸಂಬಂಧವಾದ ಸಂಭ್ರಮಗಳಲ್ಲಿಯೂ ಹಾಡುಗಳನ್ನು ನುಡಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಸಂಗೀತದ ಪರವಾನಗಿಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಕಾದ ಕಾರಣವಿಲ್ಲ. ಆದರೆ ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ತಡೆದಿವೆ.

ದಿಬ್ಬಣದ ವಾಹನದ ವಿಚಾರದಲ್ಲಿ ಉದಾಸೀನ ಸಲ್ಲದು. ಲಾರಿಯಲ್ಲೋ ಗೂಡ್ಸ್ ಟೆಂಪೊದಲ್ಲೋ ಬಂಧುಗಳನ್ನು ತುಂಬಿಕೊಂಡು ಹೋಗಿ ಅಪಘಾತವಾದರೆ, ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋದವರಿಗೆ ವಿಮೆಯ ರಕ್ಷಣೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾರಾಣಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಪ್ರಯಾಣಿಕರ ವಾಹನವನ್ನೇ, ಪರವಾನಗಿ ಮತ್ತು ವಿಮೆಯ ಪ್ರತಿಗಳನ್ನು ನೋಡಿ ಗೊತ್ತುಮಾಡಬೇಕು. ಕೆಎಸ್‌ಆರ್‌ಟಿಸಿಯೂ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ಸುಗಳನ್ನು ಕೊಡುತ್ತದೆ.

ಮಂಟಪದವರು ವಧೂವರರ ವಯಸ್ಸಿನ ದಾಖಲೆ ಕೇಳಿದರೆ ಅಸಮಾಧಾನ ಪಡತಕ್ಕದ್ದಲ್ಲ. ವಧುವಿಗೆ 18, ವರನಿಗೆ 21 ತುಂಬದ ಮದುವೆಯನ್ನು ನಡೆಸಿದವರಿಗೂ ನೆರವಾದವರಿಗೂ 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮವು 2 ವರ್ಷಗಳವರೆಗೆ ಕಠಿಣ ಕಾರಾಗೃಹವಾಸವನ್ನು ವಿಧಿಸುತ್ತದೆ.

ಹೊಯ್ಸಳ ದೇವಾಲಯಗಳ ಸನ್ನಿಧಿಯಲ್ಲಿ

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಮದುವೆಗೆ ಮುನ್ನ ಆ ಶಿಲಾಬಾಲಿಕೆಯರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಬಯಕೆಯು ತರುಣರಲ್ಲಿ ಇರುವುದು ಸಹಜ. ಆದರೆ ಇವು ರಾಷ್ಟ್ರದ ಸಂರಕ್ಷಿತ ಸ್ಮಾರಕಗಳು. ಪ್ರಾಚೀನ ಸ್ಮಾರಕಗಳ ಕುರಿತಾದ 1959ರ ನಿಯಮಗಳಂತೆ ಇಂಥ ಸ್ಮಾರಕದೊಳಗೆ ಚಲನಚಿತ್ರೀಕರಣಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಆರತಕ್ಷತೆ, ಸಂತೋಷಕೂಟಗಳಿಗೆ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ರೂಢಿಗತವಾದ ಧಾರ್ಮಿಕ ಆಚರಣೆಗಷ್ಟೇ ವಿನಾಯಿತಿಯುಂಟು. ಎಲ್ಲ ವ್ಯವಸ್ಥೆಯನ್ನೂ ತಾವೇ ಮಾಡಿಕೊಳ್ಳುವುದಾಗಿ ಛಾಯಾಗ್ರಾಹಕರು ಹೇಳಿದರೆ ಅಷ್ಟಕ್ಕೇ ತೃಪ್ತರಾಗದೆ ಅನುಮತಿ ಪತ್ರವನ್ನು ನೋಡಿಯೇ ಹಣ ಕೊಡಿ. ಒಂಬತ್ತು ಶತಮಾನಗಳನ್ನು ದಾಟಿ ಬಂದಿರುವ ಆ ಶಿಲ್ಪಗಳ ರಕ್ಷಣೆಯಲ್ಲಿ ನಮ್ಮ ಮದುವೆಮನೆಗಳಿಗೂ ಪಾಲಿದೆ.

ಮಾತಿಗೆ ತಪ್ಪಿದಾಗ

ಕೊರತೆ ಕಂಡ ಕ್ಷಣದಲ್ಲೇ ಚಿತ್ರ ತೆಗೆದು, ಸಾಕ್ಷಿಗಳ ಹೆಸರನ್ನು ಬರೆದಿಟ್ಟು, ಸಮಾರಂಭ ಮುಗಿದ ಕೂಡಲೇ ಸ್ಪೀಡ್ ಪೋಸ್ಟಿನ ಮೂಲಕ ನೋಟಿಸು ಕಳುಹಿಸಿ, ಉತ್ತರಕ್ಕೆ ಯುಕ್ತವಾದ ಕಾಲವನ್ನು ಕೊಡಬೇಕು. ಅದರಿಂದ ಫಲ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಕನ್ನಡದಲ್ಲೇ ದೂರು ಹೇಳಬಹುದು.

ಮುಂದಿನ ಮೆಟ್ಟಿಲು ಹಾಸನದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ದೂರುದಾರರು ವಾಸಿಸುವ ಸ್ಥಳದಲ್ಲಿಯೇ ದೂರು ಸಲ್ಲಿಸಲು 2019ರ ಅಧಿನಿಯಮವು ಅವಕಾಶ ಕೊಟ್ಟಿರುವುದರಿಂದ, ಅಲಂಕಾರದವರು ಬೆಂಗಳೂರಿನವರಾಗಿದ್ದರೂ ಹಳೇಬೀಡಿನವರು ಅಲ್ಲಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಪ್ರತಿಫಲವು 50 ಲಕ್ಷ ರೂಪಾಯಿಯವರೆಗಿದ್ದರೆ ವಿಚಾರಣೆ ಇಲ್ಲಿಯೇ. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಬೇಕು. ವಕೀಲರಿಲ್ಲದೆ ತಾವೇ ವಾದಿಸಬಹುದು. ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಆಯೋಗವು ಒಪ್ಪಿದಲ್ಲಿ ಮತ್ತೆ 15 ದಿನ. ಆಯೋಗದ ಆದೇಶವನ್ನು ಪಾಲಿಸದವರಿಗೆ ಒಂದು ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನಾಗಲಿ, 25,000ದಿಂದ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. ಆದೇಶದಿಂದ ಅತೃಪ್ತರಾದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕರಾರಿನ ಷರತ್ತೇ ಅನ್ಯಾಯದ್ದೆಂಬುದು ದೂರಿನ ತಿರುಳಾದರೆ ಮಾತ್ರ ಅದನ್ನು ಬೆಂಗಳೂರಿನ ರಾಜ್ಯ ಆಯೋಗದಲ್ಲಿಯೇ ಸಲ್ಲಿಸಬೇಕು.

ದೂರು ಬರೆಯಲು ಅರಿಯದವರು ಅಧೀರರಾಗಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಂದ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಆದಾಯವೆಷ್ಟೇ ಇರಲಿ ಎಲ್ಲ ಮಹಿಳೆಯರಿಗೂ ಉಚಿತ ನೆರವು ದೊರೆಯುತ್ತದೆ, ದೂರವಾಣಿ 15100. ಉಭಯರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾದುದು.

ಒಪ್ಪಂದದ ಪತ್ರವು ಕೇವಲ ಗ್ರಾಹಕನ ಆಯುಧವೆಂದು ಭಾವಿಸುವುದು ಸರಿಯಲ್ಲ. ಮದುವೆ ಮುಗಿದ ಮೇಲೆ ಬಾಕಿಗಾಗಿ ಮನೆ ಬಾಗಿಲಿಗೆ ಅಲೆಯುವ ಅಡುಗೆಯವರು, ಮಾತಾಡಿದ್ದಕ್ಕಿಂತ ಕಡಿಮೆ ಪಡೆದು ಮೌನವಾಗಿ ಹಿಂದಿರುಗುವ ಓಲಗದವರು ನಮ್ಮ ನಡುವೆಯೇ ಇದ್ದಾರೆ. ಅವರ ಬೆವರಿನ ಬೆಲೆಯನ್ನೂ ಅದೇ ಪತ್ರವು ಕಾಯುತ್ತದೆ. ಆದುದರಿಂದ ಲಗ್ನಪತ್ರಿಕೆಯನ್ನು ಬರೆಸುವ ವಾರದಲ್ಲಿಯೇ ಈ ಕರಾರುಗಳನ್ನೂ ಬರೆಸಿ, ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಮತ್ತೊಂದನ್ನು ರಶೀದಿಗಳೊಡನೆ ಮನೆಯಲ್ಲಿ ಕನಿಷ್ಠ 2 ವರ್ಷ ಕಾಪಾಡಿಕೊಳ್ಳಿರಿ.