ಪಾಠ ಟಿಪ್ಪಣಿ: ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದ ಬಗೆ

ತರಗತಿ: 9. ವಿಷಯ: ಕನ್ನಡ. ಅವಧಿ: 40 ನಿಮಿಷ.

ಉದ್ದೇಶ: ಹಾಡು ಕಟ್ಟುವುದರ ಹಿಂದಿನ ಕಲಿಕೆಯನ್ನು ವಿದ್ಯಾರ್ಥಿಗಳು ಹಂತಹಂತವಾಗಿ ವಿವರಿಸುವರು.

ಪೀಠಿಕೆ: ರಾಯಚೂರು ಜಿಲ್ಲೆಯ ನಕ್ಷೆಯಲ್ಲಿ ಮೂರು ಊರುಗಳನ್ನು ಗುರುತಿಸಲು ಹೇಳುವುದು. ಮಾನ್ವಿ ಸೀಮೆಯ ಚೀಕಲಪರವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಅವರ ಶಿಷ್ಯ ಗೋಪಾಲದಾಸರ ಊರು. ಮಾನ್ವಿ ಸೀಮೆಯದೇ ಆದ ಬ್ಯಾಗವಾಟ ಗೋಪಾಲದಾಸರ ಶಿಷ್ಯ ಜಗನ್ನಾಥದಾಸರ ಊರು.

ನಿರೂಪಣೆ: ಶ್ರೀನಿವಾಸಾಚಾರ್ಯರು ಮೊದಲು ಸಂಸ್ಕೃತ ಶಾಸ್ತ್ರಗಳನ್ನು ಓದಿದ ಪಂಡಿತರು. ಗೋಪಾಲದಾಸರ ಶಿಷ್ಯರಾದ ಮೇಲೆ ‘ಜಗನ್ನಾಥವಿಠಲ’ ಅಂಕಿತದಿಂದ ಕನ್ನಡದಲ್ಲಿ ರಚಿಸಿದರು. ಗುರುವಿಗೂ ಶಿಷ್ಯರಿಗೂ ವಯಸ್ಸಿನ ಅಂತರ ಹೆಚ್ಚಿರಲಿಲ್ಲ. ವಿಜಯದಾಸರನ್ನು ಕಡೆಗಣಿಸಿದ್ದಕ್ಕೆ ಹೊಟ್ಟೆನೋವು ಬಂತೆಂಬ ಕಥೆ ನಮ್ಮ ಕಡೆಯ ಮಕ್ಕಳು ಕೇಳಿರಬಹುದು. ಅದನ್ನು ಪರಂಪರೆಯ ಕಥೆಯೆಂದೇ ತಿಳಿಸಿ, ‘ಇಷ್ಟು ಓದಿದವರು ಮತ್ತೆ ಶಿಷ್ಯರಾಗಿ ಕಲಿತದ್ದೇನು?’ ಎಂದು ಕೇಳುವುದು. ಪವಾಡದಲ್ಲೇ ನಿಂತರೆ ಕಲಿಕೆ ಮರೆಯಾಗುತ್ತದೆ.

ಚಟುವಟಿಕೆ: ಅವರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. 3+4 ಮಾತ್ರೆಗಳ ನಡೆಗೆ ಚಪ್ಪಾಳೆ ಹಾಕಿಸುವುದು. 1, 2, 4, 5ನೇ ಸಾಲುಗಳಿಗೆ ತಲಾ 14, 3 ಮತ್ತು 6ನೇ ಸಾಲುಗಳಿಗೆ ತಲಾ 23, ಒಟ್ಟು 102. ಪದ್ಯ ಕಟ್ಟಲು ಭಕ್ತಿಯ ಜೊತೆ ಈ ಲೆಕ್ಕವೂ ಬೇಕೆಂದು ಕೈಗಳೇ ಕಲಿಸುತ್ತವೆ.

ಮೌಲ್ಯಮಾಪನ: ಮೂವರು ದಾಸರ ಅಂಕಿತಗಳಲ್ಲಿ ಸಮಾನವಾದ ಪದ ಯಾವುದು? ಅದು ಏನನ್ನು ಸೂಚಿಸುತ್ತದೆ?

ಗೃಹಪಾಠ: ನಿಮ್ಮ ಊರಿನ ಬಗ್ಗೆ 14 ಮಾತ್ರೆಗಳ ಒಂದು ಸಾಲು ರಚಿಸಿರಿ.