ಹೆಪಟೈಟಿಸ್ ಸಿ ಮತ್ತು 84 ದಿನಗಳ ಔಷಧ ಸೇವನೆ

ಕಾಮಾಲೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಹಳದಿ ತಿರುಗಿದ ಕಣ್ಣು, ಉಪ್ಪು ಖಾರವಿಲ್ಲದ ಪಥ್ಯದ ಊಟ ಮತ್ತು ಊರಿನ ನಾಟಿ ವೈದ್ಯರು ಬೆಳಗಿನ ಜಾವ ಕೊಡುತ್ತಿದ್ದ ನೆಲನೆಲ್ಲಿಯ ರಸ. ಆ ರಸವನ್ನು ಕುಡಿದು ಕೆಲವು ವಾರಗಳಲ್ಲಿ ಗುಣ ಹೊಂದಿದವರು ಹೆಚ್ಚುಕಡಿಮೆ ಪ್ರತಿಯೊಂದು ಮನೆತನದಲ್ಲಿಯೂ ಇದ್ದಾರೆ. ಅಂಥವರಲ್ಲಿ ಹೆಚ್ಚಿನವರಿಗೆ ಬಂದಿದ್ದುದು ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ‘ಎ’ ಅಥವಾ ‘ಇ’ ವರ್ಗದ ಹೆಪಟೈಟಿಸ್. ಅದು ಸಾಮಾನ್ಯವಾಗಿ ತಾನಾಗಿಯೇ ಇಳಿದುಹೋಗುವ ರೋಗ. ಕೀರ್ತಿ ಮಾತ್ರ ರಸಕ್ಕೆ ಸಂದಿತು.

‘ಸಿ’ ವರ್ಗದ ವೈರಸ್ಸಿನ ಸ್ವಭಾವವೇ ಬೇರೆ. ಅದು ರಕ್ತದಿಂದ ರಕ್ತಕ್ಕೆ ದಾಟುವಂಥದು. ಹೆಚ್ಚಿನವರಲ್ಲಿ ಜ್ವರವನ್ನಾಗಲಿ ಕಾಮಾಲೆಯನ್ನಾಗಲಿ ತೋರಿಸದೆ ಯಕೃತ್ತಿನಲ್ಲಿ, ಎಂದರೆ ನಾವು ಆಡುಮಾತಿನಲ್ಲಿ ಲಿವರ್ ಎನ್ನುವ ಅಂಗದಲ್ಲಿ, ಬಾಡಿಗೆ ಕೊಡದೆ ನೆಲೆಸಿದ ಬಿಡಾರದವನಂತೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಸೋಂಕು ತಗಲಿದ ನೂರು ಮಂದಿಯಲ್ಲಿ ಸುಮಾರು 30 ಮಂದಿಯ ದೇಹವು ಆರು ತಿಂಗಳೊಳಗೆ ಅದನ್ನು ತಾನೇ ಹೊರದೂಡುತ್ತದೆ. ಉಳಿದವರಲ್ಲಿ ಅದು ದೀರ್ಘಕಾಲಿಕ ರೋಗವಾಗಿ ಪರಿಣಮಿಸುತ್ತದೆ. ಇಂಥವರ ಪೈಕಿ ನೂರಕ್ಕೆ 15ರಿಂದ 30 ಮಂದಿಯ ಯಕೃತ್ತು 20 ವರ್ಷಗಳಲ್ಲಿ ಗಡುಸಾಗಿ, ಗಂಟುಗಂಟಾಗಿ, ಸಿರೋಸಿಸ್ ಎಂಬ ಸ್ಥಿತಿಯನ್ನು ಮುಟ್ಟುವ ಸಂಭವವುಂಟು. ಕೆಲವರಲ್ಲಿ ಮುಂದೆ ಯಕೃತ್ತಿನ ಕ್ಯಾನ್ಸರ್ ಕೂಡ ತಲೆದೋರುತ್ತದೆ.

ಈ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಅದಕ್ಕೆ ಮೊದಲು ಇದಕ್ಕೆ ಸ್ವಂತದ ಹೆಸರೂ ಇರಲಿಲ್ಲ. ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂದೇ ಕರೆಯುತ್ತಿದ್ದರು. ಈ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ ಹಣ ಪಡೆದು ರಕ್ತ ಕೊಡುವ ಪದ್ಧತಿ ನಿಷಿದ್ಧವಾದದ್ದು 1998ರಲ್ಲಿ. ದಾನದ ರಕ್ತವನ್ನೆಲ್ಲ ‘ಸಿ’ ವೈರಸ್ಸಿಗಾಗಿ ಪರೀಕ್ಷಿಸುವುದು ಕಡ್ಡಾಯವಾದದ್ದು 2001-02ರ ಹೊತ್ತಿಗೆ. ಆದುದರಿಂದ ಅದಕ್ಕೆ ಹಿಂದೆ ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಅಪಘಾತದ ಸಂದರ್ಭದಲ್ಲಿ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಒಂದೇ ಸೂಜಿಯನ್ನು ಹಲವರಿಗೆ ಬಳಸುತ್ತಿದ್ದ ಕಾಲದಲ್ಲಿ ಮೇಲಿಂದ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಉದ್ಯೋಗವನ್ನರಸಿ ಈ ಮಹಾನಗರಗಳಿಗೆ ಬಂದ ನಮ್ಮ ಹಿರಿಯರಲ್ಲಿ ಈ ಪಟ್ಟಿಗೆ ಸೇರತಕ್ಕವರು ಕಡಿಮೆಯೇನಿಲ್ಲ.

ಹಿಂದೆ ಇದಕ್ಕಿದ್ದ ಚಿಕಿತ್ಸೆ ಕಠಿಣವಾದುದು. ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ನನ್ನು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಪಡೆಯಬೇಕಿತ್ತು. ಜ್ವರ, ಮೈಕೈ ನೋವು, ಖಿನ್ನತೆ ಇವೆಲ್ಲವನ್ನೂ ಸಹಿಸಿದ ಮೇಲೆಯೂ ಗುಣವಾಗುತ್ತಿದ್ದವರು ಸುಮಾರಾಗಿ ಅರ್ಧದಷ್ಟು ಮಂದಿ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆಗೆ ಅನುಮತಿ ದೊರೆತ ಬಳಿಕ ಚಿತ್ರವೇ ಬದಲಾಯಿತು. 2015ರಿಂದ ನಮ್ಮ ದೇಶದ ಕಂಪನಿಗಳೇ ಪರವಾನಗಿ ಪಡೆದು ಅದನ್ನು ತಯಾರಿಸತೊಡಗಿದವು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಗೊತ್ತುಪಡಿಸಿದ ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ ಸೊಫೊಸ್ಬುವಿರ್ ಮತ್ತು 60 ಮಿಲಿಗ್ರಾಂ ಡಕ್ಲಾಟಸ್ವಿರ್ ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದವರಿಗೆ ಡಕ್ಲಾಟಸ್ವಿರ್ ಬದಲು 100 ಮಿಲಿಗ್ರಾಂ ವೆಲ್ಪಟಸ್ವಿರ್ ಸೇರಿದ ಮಾತ್ರೆ. ಯಕೃತ್ತು ಸೋತು ಹೊಟ್ಟೆಯಲ್ಲಿ ನೀರು ತುಂಬಿದಂಥ ರೋಗಿಗಳಿಗೆ ರಿಬಾವಿರಿನ್ ಎಂಬ ಇನ್ನೊಂದು ಔಷಧ ಕೂಡಿಸುತ್ತಾರೆ, ಇಲ್ಲವೆ ಅವಧಿಯನ್ನು 24 ವಾರಗಳಿಗೆ ಏರಿಸುತ್ತಾರೆ. ಕ್ರಮವಾಗಿ ಸೇವಿಸಿದವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ವೈರಸ್ ಸಂಪೂರ್ಣವಾಗಿ ತೊಲಗುತ್ತದೆ.

ಇಷ್ಟು ಸೌಮ್ಯವಾದ ಔಷಧದ ವಿಷಯದಲ್ಲಿ ಒಂದು ಲೇಖನವನ್ನೇ ಬರೆಯುವುದೇಕೆ ಎಂದು ವಾಚಕರು ಕೇಳಬಹುದು. ಈ ಮಾತ್ರೆಗಳಿಂದ ನೇರವಾಗಿ ಆಗುವ ತೊಂದರೆ ಅಲ್ಪ: ತಲೆನೋವು, ಆಯಾಸ, ತುಸು ವಾಕರಿಕೆ, ಅಷ್ಟೆ. ಅಪಾಯವಿರುವುದು ಇವುಗಳ ಜೊತೆಯಲ್ಲಿ ನಾವು ನುಂಗುವ ಬೇರೆ ಔಷಧಗಳಲ್ಲಿ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ನಗರವಾಸಿಗಳ ಅಂಗಿಯ ಜೇಬಿನಲ್ಲಿ ಲೋಕಲ್ ರೈಲಿನ ಪಾಸಿನಷ್ಟೇ ಖಾಯಂ ಆಗಿ ಇರುವ ವಸ್ತುವೆಂದರೆ ಗ್ಯಾಸಿನ ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಕಡಕ್ ಚಹಾ, ಹೊತ್ತು ಮೀರಿದ ಊಟ, ಎದೆಯುರಿ. ಅದಕ್ಕೊಂದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್. ಇದನ್ನು ಔಷಧವೆಂದೇ ನಾವು ಎಣಿಸುವುದಿಲ್ಲ. ವೈದ್ಯರು ‘ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ?’ ಎಂದಾಗ ‘ಏನೂ ಇಲ್ಲ’ ಎಂದು ಹೇಳಿಬಿಡುತ್ತೇವೆ. ಆದರೆ ವೆಲ್ಪಟಸ್ವಿರ್ ಕರಗಿ ರಕ್ತಕ್ಕೆ ಸೇರಬೇಕಾದರೆ ಜಠರದಲ್ಲಿ ಆಮ್ಲವಿರಬೇಕು. ಆಮ್ಲವನ್ನು ತಡೆಯುವ ಈ ಮಾತ್ರೆ ಜೊತೆಗಿದ್ದರೆ ವೆಲ್ಪಟಸ್ವಿರ್ ಸಾಕಷ್ಟು ರಕ್ತಕ್ಕೆ ಇಳಿಯುವುದಿಲ್ಲ. ರೋಗಿ ಒಂದು ದಿನವೂ ತಪ್ಪದೆ ನುಂಗಿರುತ್ತಾನೆ, ವೈರಸ್ ಮಾತ್ರ ಉಳಿದಿರುತ್ತದೆ. ಆದುದರಿಂದ ವೆಲ್ಪಟಸ್ವಿರ್ ಸೇವಿಸುವ ಅವಧಿಯಲ್ಲಿ ಈ ಜಾತಿಯ ಮಾತ್ರೆಗಳನ್ನು ಬಿಡುವುದೇ ಒಳ್ಳೆಯದು. ಬಿಡಲಾಗದಂಥ ಹುಣ್ಣು ಮುಂತಾದವು ಇದ್ದರೆ, ವೆಲ್ಪಟಸ್ವಿರ್ ಮಾತ್ರೆಯನ್ನು ಊಟದೊಂದಿಗೆ ಮೊದಲು ಸೇವಿಸಿ, ನಾಲ್ಕು ಗಂಟೆಗಳ ತರುವಾಯ ಕಡಿಮೆ ಪ್ರಮಾಣದ ಒಮೆಪ್ರಜೋಲ್ ತೆಗೆದುಕೊಳ್ಳುವ ಕ್ರಮವೊಂದುಂಟು. ಅದನ್ನು ವೈದ್ಯರೇ ನಿರ್ಧರಿಸಬೇಕು. ಗುಲಾಬಿ ಬಣ್ಣದ ಆಮ್ಲಶಾಮಕ ದ್ರವವನ್ನು ಕುಡಿಯುವವರು ಅದಕ್ಕೂ ಮಾತ್ರೆಗೂ ನಡುವೆ ನಾಲ್ಕು ಗಂಟೆಗಳ ಅಂತರವಿರಿಸತಕ್ಕದ್ದು. ಡಕ್ಲಾಟಸ್ವಿರ್ ವಿಷಯದಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. ತಮಗೆ ಕೊಟ್ಟಿರುವುದು ಯಾವುದೆಂದು ಡಬ್ಬಿಯ ಮೇಲಿನ ಹೆಸರನ್ನು ಓದಿ ತಿಳಿದುಕೊಳ್ಳಬೇಕಾದುದು ಇದಕ್ಕಾಗಿಯೇ.

ಇದಕ್ಕಿಂತ ಗಂಭೀರವಾದುದು ಹೃದಯದ ಬಡಿತ ತಪ್ಪುವವರಿಗೆ ಕೊಡುವ ಅಮಿಯೊಡರೋನ್. ಇದರೊಂದಿಗೆ ಸೊಫೊಸ್ಬುವಿರ್ ಸೇರಿದಾಗ ನಾಡಿ ಅಪಾಯಕರವಾಗಿ ನಿಧಾನಗೊಂಡ ಪ್ರಸಂಗಗಳು ವರದಿಯಾಗಿ, 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಅಮಿಯೊಡರೋನ್ ಬಿಟ್ಟ ಮೇಲೆಯೂ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವಂಥದು. ಹಾಗಾಗಿ ‘ಈಗ ಬಿಟ್ಟಿದ್ದೇನಲ್ಲ’ ಎಂದು ಮುಚ್ಚಿಡಕೂಡದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇವು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ: ಹೊಸ ಮಾತ್ರೆಗಳು ದೇಹದಲ್ಲಿ ನಿಲ್ಲದಂತೆ ಬೇಗನೆ ಹೊರಹಾಕಿಸಿ ಚಿಕಿತ್ಸೆಯನ್ನೇ ನಿಷ್ಫಲಗೊಳಿಸುತ್ತವೆ. ಇವನ್ನು ರೋಗಿಯೇ ನಿಲ್ಲಿಸಿದರೆ ಮೂರ್ಛೆ ಮರುಕಳಿಸೀತು. ಇಬ್ಬರು ವೈದ್ಯರೂ ಪರಸ್ಪರ ಮಾತನಾಡಿ ಕ್ರಮ ಗೊತ್ತುಮಾಡಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಪ್ರಮಾಣವನ್ನು ತಗ್ಗಿಸಬೇಕಾಗಬಹುದು. ಡಿಗಾಕ್ಸಿನ್, ವಾರ್ಫರಿನ್ ಸೇವಿಸುವವರಿಗೆ ಹೆಚ್ಚಿನ ರಕ್ತಪರೀಕ್ಷೆ ಬೇಕಾಗುತ್ತದೆ. ಎಚ್‌ಐವಿ ಔಷಧಗಳಲ್ಲಿ ಕೆಲವು ಡಕ್ಲಾಟಸ್ವಿರ್‌ನ ಪ್ರಮಾಣವನ್ನೇ ಬದಲಾಯಿಸಬೇಕಾದಂಥವು.

ಮಧುಮೇಹಿಗಳಿಗೆ ಒಂದು ವಿಚಿತ್ರ ಅನುಭವವಾಗುವುದುಂಟು. ವೈರಸ್ ಇಳಿಯುತ್ತ ಬಂದಂತೆ ಸಕ್ಕರೆಯೂ ಹತೋಟಿಗೆ ಬರುತ್ತದೆ. ಸಂತೋಷವೇ, ಆದರೆ ಹಳೆಯ ಪ್ರಮಾಣದ ಇನ್ಸುಲಿನ್ನನ್ನೇ ಮುಂದುವರಿಸಿದರೆ ಸಕ್ಕರೆ ತೀರ ಇಳಿದು, ಬೆವರಿ, ಕಣ್ಣು ಕತ್ತಲಿಟ್ಟು ಬೀಳುವ ಭಯವಿದೆ. ಚಿಕಿತ್ಸೆಯ ಕಾಲದಲ್ಲಿ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಸಲ ನೋಡಿಸಬೇಕು.

ನಾಟಿ ಮದ್ದಿನ ಮಾತೂ ಇಲ್ಲಿ ಬರುತ್ತದೆ. ಯಕೃತ್ತಿನ ರೋಗವೆಂದು ತಿಳಿದೊಡನೆ ಊರಿನಿಂದ ಚೂರ್ಣ, ಕಷಾಯ, ಭಸ್ಮಗಳು ಬಸ್ಸಿನಲ್ಲಿ ಬಂದು ತಲಪುತ್ತವೆ. ಕಳಿಸುವವರ ಅಕ್ಕರೆ ದೊಡ್ಡದು. ಆದರೆ ಕೊರೋನಾ ಕಾಲದಲ್ಲಿ ಅಮೃತಬಳ್ಳಿಯನ್ನು ಅತಿಯಾಗಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಪ್ರತಿವಾದಗಳು ನಡೆದವು. ವಾದ ಹೇಗಾದರೂ ಇರಲಿ, ಮೊದಲೇ ನೊಂದಿರುವ ಯಕೃತ್ತಿನ ಮೇಲೆ ಮೂರು ತಿಂಗಳ ಮಟ್ಟಿಗೆ ಇನ್ನೊಂದು ಭಾರವನ್ನು ಹೊರಿಸದಿರುವುದೇ ವಿವೇಕವೆಂದು ನನ್ನ ಅಭಿಪ್ರಾಯ. ಮದ್ಯವಂತೂ ಪೂರ್ತಿ ವರ್ಜ್ಯ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಬೇಕಾದಲ್ಲಿ ದಿನಕ್ಕೆ 2 ಗ್ರಾಂ ಮೀರಬಾರದು. ಸಿರೋಸಿಸ್ ಇದ್ದವರು ಬ್ರೂಫೆನ್ ಜಾತಿಯ ನೋವಿನ ಮಾತ್ರೆಗಳನ್ನು ಮುಟ್ಟಲೇಕೂಡದು.

ಮಾತ್ರೆ ಆರಂಭಿಸುವ ಮೊದಲು ಆಗಬೇಕಾದ ಪರೀಕ್ಷೆಗಳಲ್ಲಿ ಒಂದನ್ನು ಎಂದಿಗೂ ಬಿಡಕೂಡದು: ಹೆಪಟೈಟಿಸ್ ಬಿ ಪರೀಕ್ಷೆ. ಒಂದೇ ದೇಹದಲ್ಲಿ ಎರಡು ವೈರಸ್ಸುಗಳೂ ಇದ್ದಾಗ ‘ಸಿ’ಯ ದಬ್ಬಾಳಿಕೆಯಡಿ ‘ಬಿ’ ಅಡಗಿ ಕುಳಿತಿರುತ್ತದೆ. ‘ಸಿ’ಯನ್ನು ಔಷಧ ಓಡಿಸಿದೊಡನೆ ‘ಬಿ’ ತಲೆಯೆತ್ತಿ, ಯಕೃತ್ತು ಕೆಲವೇ ವಾರಗಳಲ್ಲಿ ಕುಸಿದು ಸಾವುಗಳೂ ಸಂಭವಿಸಿವೆ. 2016ರ ಅಕ್ಟೋಬರಿನಲ್ಲಿ ಈ ಬಗ್ಗೆಯೂ ಅಮೆರಿಕದಲ್ಲಿ ಎಚ್ಚರಿಕೆ ಹೊರಟಿತು. ‘ಬಿ’ ಇದ್ದವರಿಗೆ ಚಿಕಿತ್ಸೆ ಇಲ್ಲವೆಂದಲ್ಲ. ಅದಕ್ಕೂ ಔಷಧ ಕೂಡಿಸಿ ಕೊಡುತ್ತಾರೆ. ಗರ್ಭಿಣಿಯರಲ್ಲಿ ಸಾಮಾನ್ಯವಾಗಿ ಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಮುಂದೂಡುತ್ತಾರೆ. ರಿಬಾವಿರಿನ್ ಸೇವಿಸುವವರು ಹೆಂಗಸರಾಗಲಿ ಗಂಡಸರಾಗಲಿ, ಚಿಕಿತ್ಸೆಯ ಕಾಲದಲ್ಲಿಯೂ ಅದು ಮುಗಿದ ಮೇಲೆ ಕಡಿಮೆಯೆಂದರೆ ಆರು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ನಿಖರವಾದ ಅವಧಿಯನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಭ್ರೂಣಕ್ಕೆ ಅದು ವಿಷ.

ಇನ್ನು ದಿನನಿತ್ಯದ ಸೇವನೆ. ಒಂದೊಂದು ಡಬ್ಬಿಯಲ್ಲಿ 28 ಮಾತ್ರೆಗಳಂತೆ ಮೂರು ಡಬ್ಬಿ, ಒಟ್ಟು 84 ದಿನ. ಬೆಳಗಿನ ತಿಂಡಿಯ ಹೊತ್ತೋ ರಾತ್ರಿಯ ಊಟದ ಹೊತ್ತೋ, ಗೊತ್ತುಮಾಡಿಕೊಂಡ ಸಮಯಕ್ಕೆ ದಿನವೂ ನುಂಗಬೇಕು. ಮರೆತುಹೋಗಿ ಅದೇ ದಿನ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮರುದಿನದ ಹೊತ್ತೇ ಸಮೀಪಿಸಿದ್ದರೆ ಆ ದಿನದ್ದನ್ನು ಮಾತ್ರ ನುಂಗಿ; ಎರಡನ್ನು ಒಟ್ಟಿಗೆ ನುಂಗಬೇಡಿ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕೇ ಎಂದು ಕೇಂದ್ರಕ್ಕೆ ದೂರವಾಣಿ ಮಾಡಿ ಕೇಳಿರಿ. ಮಳೆಗಾಲದ ತೇವಕ್ಕೆ ಮಾತ್ರೆ ಹಾಳಾಗದಂತೆ ಮೂಲ ಡಬ್ಬಿಯಲ್ಲೇ, ಒಳಗಿನ ತೇವಹೀರುವ ಚೀಲವನ್ನು ತೆಗೆಯದೆ ಇಡಬೇಕು. ಒಂದು ತಿಂಗಳಾದ ಮೇಲೆ ಆಯಾಸವೆಲ್ಲ ಹೋಯಿತೆಂದು ನಿಲ್ಲಿಸುವವರುಂಟು. ಹಾಗೆ ನಿಲ್ಲಿಸಿದಲ್ಲಿ ಅಳಿದುಳಿದ ವೈರಸ್ ಮತ್ತೆ ಬೆಳೆದು, ಎರಡನೆಯ ಸಲ ಅದೇ ಔಷಧಕ್ಕೆ ಬಗ್ಗದೆ ಹೋಗಬಹುದು.

ಹೊರನಾಡಿನಲ್ಲಿರುವ ನಮಗೆ ಊರಿನ ಪ್ರಯಾಣ ತಪ್ಪಿದ್ದಲ್ಲ. ಎರಡನೆಯ ತಿಂಗಳಲ್ಲಿ ಒಬ್ಬ ಗೃಹಸ್ಥರು ಭಾವಮೈದುನನ ಮದುವೆಗೆಂದು ಹುಬ್ಬಳ್ಳಿಗೋ ಉಡುಪಿಗೋ ಹೊರಟರೆಂದು ಊಹಿಸಿಕೊಳ್ಳಿ. ಹತ್ತು ದಿನದ ರಜೆ ಹದಿನೈದಾಗುತ್ತದೆ, ಡಬ್ಬಿ ಬರಿದಾಗುತ್ತದೆ. ಮದುವೆಯೂಟದಿಂದ ಹೊಟ್ಟೆ ಕೆಟ್ಟು ಅಲ್ಲಿಯ ವೈದ್ಯರ ಬಳಿ ಹೋದರೆ, ರೋಗದ ಹೆಸರನ್ನು ಮಾವನ ಮನೆಯವರ ಮುಂದೆ ಹೇಳಲು ಸಂಕೋಚ. ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ ಬರುತ್ತದೆ. ಇದೆಲ್ಲಕ್ಕೂ ಪರಿಹಾರ ಅಂಚೆಕಾರ್ಡಿನಷ್ಟು ದೊಡ್ಡ ಒಂದು ಕಾಗದ: ಸೇವಿಸುತ್ತಿರುವ ಔಷಧದ ಹೆಸರು, ಆರಂಭದ ಮತ್ತು ಮುಗಿಯುವ ದಿನಾಂಕ, ಜೊತೆಯಲ್ಲಿರುವ ಬೇರೆಲ್ಲ ಮಾತ್ರೆಗಳು, ಚಿಕಿತ್ಸಾಕೇಂದ್ರದ ದೂರವಾಣಿ. ಅದನ್ನು ಮಾತಿಲ್ಲದೆ ವೈದ್ಯರ ಕೈಗಿತ್ತರಾಯಿತು. ಹೊರಡುವ ಮುನ್ನ ಕೇಂದ್ರದಲ್ಲಿ ತಿಳಿಸಿ, ಒಂದು ವಾರದ ಮಾತ್ರೆ ಹೆಚ್ಚಿಗೆ ಸಿಗುವುದೇ ಎಂದು ವಿಚಾರಿಸಬೇಕು. ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಮಾತು ತಡವರಿಸಿ ಮಂಕು ಕವಿಯುವುದು, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ ಎಲ್ಲಿದ್ದೀರೋ ಅಲ್ಲಿಯ ಆಸ್ಪತ್ರೆಗೆ ಆ ಕ್ಷಣವೇ ಹೋಗತಕ್ಕದ್ದು.

ಸಂಕೋಚದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಒಂದೇ ಪಂಕ್ತಿಯಲ್ಲಿ ಊಟ ಮಾಡುವುದರಿಂದ, ಲೋಟ ತಟ್ಟೆಗಳಿಂದ, ಮಗುವನ್ನು ಎತ್ತಿ ಮುದ್ದಿಸುವುದರಿಂದ ಈ ರೋಗ ಹರಡುವುದಿಲ್ಲ. ಎದೆಹಾಲಿನಿಂದಲೂ ಹರಡದು, ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ತಡೆಯಬೇಕು. ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರುಕತ್ತರಿ, ಸಕ್ಕರೆ ಪರೀಕ್ಷೆಯ ಸೂಜಿ ಇವು ಪ್ರತ್ಯೇಕವಾಗಿರಬೇಕು. ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿ ವಾಸಿಸುವ ನಮ್ಮ ತರುಣರು ಇದನ್ನು ಗಮನಿಸಲಿ.

ಕೊನೆಯ ಮಾತ್ರೆ ನುಂಗಿದ ದಿನ ಚಿಕಿತ್ಸೆ ಮುಗಿಯಿತು. ಗುಣವಾಯಿತೇ ಎಂಬುದು ತಿಳಿಯುವುದು ಅದಾಗಿ 12 ವಾರಗಳ ಮೇಲೆ ಮಾಡುವ ವೈರಸ್ ಪ್ರಮಾಣದ ಪರೀಕ್ಷೆಯಿಂದ. ಅಂದು ರಕ್ತದಲ್ಲಿ ವೈರಸ್ ಕಾಣದಿದ್ದರೆ ಗುಣವಾಯಿತೆಂದೇ ಅರ್ಥ. ಬಹುಮಂದಿ ಈ ಪರೀಕ್ಷೆಗೆ ಹೋಗುವುದೇ ಇಲ್ಲ. ಈ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಏಕೆಂದರೆ ಗುಣವಾದ ಮೇಲೆಯೂ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಜೀವನಪರ್ಯಂತ ಉಳಿಯುತ್ತವೆ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೋ ನೌಕರಿಗೋ ಪ್ರತಿಕಾಯದ ಸಾದಾ ಪರೀಕ್ಷೆ ಮಾಡಿದಾಗಲೆಲ್ಲ ‘ಪಾಸಿಟಿವ್’ ಎಂದೇ ಬರುತ್ತದೆ. ಅದನ್ನು ಕಂಡು ರೋಗ ಮರುಕಳಿಸಿತೆಂದು ಹೆದರಬೇಕಾಗಿಲ್ಲ; ಹಳೆಯ ವರದಿಯನ್ನು ತೋರಿಸಿ, ಅನುಮಾನವಿದ್ದಲ್ಲಿ ವೈರಸ್ ಪ್ರಮಾಣದ ಪರೀಕ್ಷೆಯನ್ನೇ ಮತ್ತೆ ಮಾಡಿಸಬಹುದು. ಆದರೆ ಆ ಪ್ರತಿಕಾಯಗಳು ರಕ್ಷಣೆ ಕೊಡುವುದಿಲ್ಲ. ಇದಕ್ಕೆ ಲಸಿಕೆಯೂ ಇಲ್ಲ. ಹೊಸ ಸೂಜಿಯಿಂದ ಹೊಸ ಸೋಂಕು ತಗಲಬಹುದು. ಸಿರೋಸಿಸ್ ತಲಪಿದ್ದವರು ವೈರಸ್ ಹೋದ ಮೇಲೆಯೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಫಿ ಮಾಡಿಸುತ್ತಲೇ ಇರಬೇಕು. ಗಂಟುಬಿದ್ದ ಯಕೃತ್ತಿನಲ್ಲಿ ಕ್ಯಾನ್ಸರಿನ ಸಂಭವ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಮತ್ತು ಸಣ್ಣದಿರುವಾಗ ಕಂಡುಹಿಡಿದ ಗಡ್ಡೆಗೆ ಚಿಕಿತ್ಸೆಯುಂಟು.